ಸಸಿ ಮಡಿಯ ಕೆಳಗಿನ ಬಿಸಿನೀರು

ತೋಟದ ಮನೆ,
ಭಾನುವಾರ, ಊಟವಾದ ಮೇಲೆ

ನನ್ನ ಅಕ್ಕನಿಗೆ,

ಇಲ್ಲಿ ಇಬ್ಬರ ಆರೋಗ್ಯಕ್ಕೂ ಏನೂ ಕೊರತೆಯಿಲ್ಲ. ಇವರ ಮಂಡಿನೋವು ಅರ್ಧಕ್ಕರ್ಧ ಇಳಿದಿದೆ. ನನ್ನ ಕೈ ಮಾತ್ರ ಮಣ್ಣು ಕೆದಕಿ ಕೆದಕಿ ಎಷ್ಟು ಒರಟಾಗಿದೆಯೆಂದರೆ, ತಲೆ ಸವರಿಕೊಂಡರೆ ಕೂದಲು ಬೆರಳಿಗೆ ಸಿಕ್ಕಿಕೊಳ್ಳುತ್ತದೆ. ಭಾವನನ್ನು ಕೇಳಿದೆನೆಂದು ಹೇಳು. ಫೋನು ಮಾಡುವುದು ಬಿಟ್ಟು ಇವಳಿಗೆ ಕಾಗದ ಬರೆಯುವ ಕರ್ಮ ಯಾಕೆ ಬಂತು ಅಂತ ಗಾಬರಿಯಾಗಬೇಡ. ನೀನು ಫೋನನ್ನು ಲೌಡ್‌ಸ್ಪೀಕರಿಗೆ ಹಾಕದೆ ಮಾತಾಡುವವಳಲ್ಲ. ನಾನು ಹೇಳಿದ್ದು ನಿನಗೆ ತಿಳಿಯುವ ಮೊದಲು ಪಕ್ಕದ ಮನೆಯವರಿಗೆ ತಿಳಿದಿರುತ್ತದೆ. ಇಲ್ಲಿ ಇವರೂ ನನ್ನ ಬೆನ್ನಿಗೇ ಅಂಟಿಕೊಂಡಿರುತ್ತಾರೆ. ಈಗ ತೋಟಕ್ಕೆ ಮರದ ಪುಡಿ ತರಲು ಹೋಗಿದ್ದಾರೆ, ಅದಕ್ಕೆ ಕೂತೆ.

ಹಿಂದಿನ ಕೋಣೆಗೆ ಬಣ್ಣ ಹೊಡೆಸಿದೆ, ಕಿಟಕಿ ಪಕ್ಕಕ್ಕೆ ಮಂಚ ಹಾಕಿಸಿದೆ, ಯಾವಾಗ ಬರ್ತೀಯ ಅಂತ ನೀನು ಕಳಿಸಿದ ಮೆಸೇಜು ಓದಿ ಅಳಿಸಿದೆ. ಈ ತಿರುಗಾಟ ಮುಗಿದ ಮೇಲೆ ಇವರ ಜೊತೆ ಆ ಮನೆಗೆ ಕಾಲಿಡುವುದಿಲ್ಲ, ನೇರ ನಿನ್ನಲ್ಲಿಗೇ ಬಂದುಬಿಡುತ್ತೇನೆ ಎಂದು ನಿನಗೆ ಮಾತು ಕೊಟ್ಟು ಹೊರಟವಳು ನಾನು. ಇವರಿಗೆ ಅದರ ಸುಳಿವೇ ಇಲ್ಲ. ಕೊನೆಯ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಹೇಳಿ ಬೇರೆ ಬಸ್ಸು ಹತ್ತುವುದು ಎಂದುಕೊಂಡಿದ್ದೆ. ಆ ತೀರ್ಮಾನ ಈಗಲೂ ಹಾಗೇ ಇದೆಯಾ ಎಂದು ನೀನು ಕೇಳುತ್ತೀಯ. ಅದನ್ನು ಹೇಳುವುದಕ್ಕೇ ಈ ಕಾಗದ, ಆದರೆ ಒಂದೇ ಉಸಿರಿಗೆ ಹೇಳಲು ಬರುವುದಿಲ್ಲ. ಸ್ವಲ್ಪ ತಾಳ್ಮೆಯಿಂದ ಓದು, ಮಧ್ಯದಲ್ಲೇ ಎದ್ದು ಒಲೆ ನೋಡಲು ಹೋಗಬೇಡ.

ನಾವು ತಿರುಗುತ್ತಿರುವ ರೀತಿ ನಿನಗೆ ಗೊತ್ತೇ ಇದೆ. ಬಿಸಿನೀರಿನ ಬುಗ್ಗೆಯಲ್ಲಿ ಮಂಡಿ ನೆನೆಸಿಕೊಳ್ಳಿ ಎಂದರು ಡಾಕ್ಟರು. ಸುಮ್ಮನೆ ನೀರಲ್ಲಿ ಕೂತು, ಎದ್ದು ಉಂಡು, ಮತ್ತೆ ನೀರಲ್ಲಿ ಕೂರೋಕೆ ನಾನೇನು ಎಮ್ಮೆನಾ ಎಂದರು ಇವರು. ಅದಕ್ಕೆ ಮಗಳು ಈ ದಾರಿ ಹುಡುಕಿಕೊಟ್ಟಳು. ಬುಗ್ಗೆಯ ಹತ್ತಿರ ಇರುವ ಯಾವುದಾದರೂ ತೋಟದಲ್ಲಿ ಮಧ್ಯಾಹ್ನದವರೆಗೆ ಕೈಲಾದ ಕೆಲಸ ಮಾಡುವುದು, ಅವರು ಕೊಟ್ಟ ಕೋಣೆಯಲ್ಲಿ ಇರುವುದು, ಹಾಕಿದ್ದನ್ನು ಉಣ್ಣುವುದು, ಸಂಜೆ ಬುಗ್ಗೆಗೆ ಹೋಗುವುದು. ನಾನು ಕಳೆ ಕೀಳುತ್ತೇನೆ, ಸಸಿ ನೆಡುತ್ತೇನೆ, ಹರಿದ ಗೋಣಿಚೀಲ ಹೊಲಿಯುತ್ತೇನೆ. ಇವರು ಹೋದಲ್ಲೆಲ್ಲ ನಲ್ಲಿ ರಿಪೇರಿ. ನೀರು ಸರಬರಾಜಿನವರ ಪೈಪು ಜೋಡಿಸಿಯೇ ತಲೆ ಹಣ್ಣಾದವರು, ನೀರು ಎಲ್ಲಾದರೂ ತೊಟ್ಟಿಕ್ಕಿದರೆ ಇವರಿಗೆ ಅನ್ನ ಸೇರುವುದಿಲ್ಲ. ಪ್ರಯಾಣಕ್ಕೆ ಎರಡು ಅಂಗಿ ಕಡಿಮೆ ಇಟ್ಟುಕೊಂಡು, ಆ ಜಾಗದಲ್ಲಿ ಸ್ಪ್ಯಾನರು, ವಾಷರು, ಟೇಪು ತುಂಬಿಕೊಂಡು ಬಂದಿದ್ದಾರೆ!

ಈ ತೋಟದೊಡತಿ ಒಂಟಿ ಹೆಂಗಸು, ನಮಗಿಂತ ಚಿಕ್ಕವಳು. ಬಾಯಿ ಸ್ವಲ್ಪ ಜೋರು, ಮನಸ್ಸು ಒಳ್ಳೆಯದು. ಟೊಮ್ಯಾಟೊ, ಬದನೆ, ದಪ್ಪ ಮೆಣಸಿನಕಾಯಿ ಬೆಳೆಯುತ್ತಾಳೆ. ಚಳಿ ಇನ್ನೂ ಇರುವಾಗಲೇ ಸಸಿ ಎಬ್ಬಿಸಿದರೆ ಮಾತ್ರ ಫಸಲು ಸರಿಯಾದ ಹೊತ್ತಿಗೆ ಬರುತ್ತದಂತೆ. ಅವಳ ಸಸಿ ಮಡಿ ಮನೆಯ ಹಿಂದಿನ ಇಳಿಜಾರಿನಲ್ಲಿದೆ, ಮೇಲೆ ಪ್ಲಾಸ್ಟಿಕ್ ಹೊದಿಕೆ. ವರ್ಷದ ತೋಟವೆಲ್ಲ ಆ ಒಂದು ಮಡಿಯಲ್ಲೇ ಹುಟ್ಟಬೇಕು. ಬುಗ್ಗೆಯಲ್ಲಿ ಹೆಚ್ಚಾದ ನೀರು ಹಳೆಯ ಪೈಪೊಂದರಲ್ಲಿ ಆ ಮಡಿಯ ಬದಿಗೇ ಇಳಿದು ಹಳ್ಳಕ್ಕೆ ಹೋಗುತ್ತದೆ.

ಗುರುವಾರ ಅವಳು ಪೇಟೆಗೆ ಹೋಗಿದ್ದಳು, ರಾತ್ರಿ ಅಲ್ಲೇ ಉಳಿಯುವವಳಿದ್ದಳು. ಸಂಜೆ ಹೊದಿಕೆ ಎಳೆದು ಬನ್ನಿ ಎಂದಷ್ಟೇ ನಮಗೆ ಹೇಳಿದ್ದಳು. ಹೊದಿಕೆ ಎಳೆಯಲು ಹೋದ ಇವರು ಹುಲ್ಲು ಸರಿಸಿ ನೋಡಿದರೆ, ಪೈಪಿನ ಜಾಯಿಂಟು ಸೋರುತ್ತಿದೆ. ಬಿಸಿನೀರು ಸದ್ದಿಲ್ಲದೆ ಮಣ್ಣಿಗೆ ಇಳಿಯುತ್ತಿದೆ. ಇವರ ಮುಖ ಅರಳಿದ್ದು ನೋಡಬೇಕಿತ್ತು. ಪಾಪ, ಒಬ್ಬಳೇ ಹೆಂಗಸು, ಯಾರೂ ನೋಡೋರಿಲ್ಲ, ಎಷ್ಟು ದಿನದಿಂದ ಹೀಗೆ ಪೋಲಾಗ್ತಿದೆಯೋ ಎನ್ನುತ್ತಾ ಅಂಗಿ ತೋಳು ಮಡಚಿದರು. ಬಂದ ಮೇಲೆ ಕೇಳಿ ಮಾಡೋಣ ಎಂದು ನನ್ನ ಬಾಯಿಗೆ ಬಂದಿತ್ತು, ಆದರೆ ಆ ಖುಷಿ ನೋಡಿ ಸುಮ್ಮನಾದೆ. ಸುಮ್ಮನಾದೆ ಎಂದರೆ ಪೂರ್ತಿ ನಿಜವಲ್ಲ, ಸ್ಪ್ಯಾನರು ತೆಗೆದುಕೊಟ್ಟವಳು ನಾನೇ. ಒಂದು ಹನಿಯೂ ಜಿನುಗದ ಹಾಗೆ ಬಿಗಿದರು. ಕೆಲಸದಲ್ಲಿ ಮಾತ್ರ ಇವರ ಕೈಗೆ ಯಾರೂ ಹೆಸರಿಡುವ ಹಾಗಿಲ್ಲ.

ಮಾರನೇ ದಿನ ಬೆಳಿಗ್ಗೆ ಅವಳು ಬಂದವಳು ಚೀಲ ಇಳಿಸದೆ ಮಡಿಗೇ ಹೋದಳು. ಹೊದಿಕೆ ಎತ್ತಿದರೆ ಸಸಿಗಳೆಲ್ಲ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಮಲಗಿದ್ದವು. ರಾತ್ರಿ ಮಂಜು ಹೆಪ್ಪುಗಟ್ಟಿತ್ತು. ಅವಳು ಕೂತು ಮಣ್ಣಿಗೆ ಕೈ ಇಟ್ಟಳು. ತಣ್ಣಗಿದೆ, ತಣ್ಣಗಿದೆ ಎಂದು ಎರಡು ಸಲ ಹೇಳಿದಳು. ಆಮೇಲೆ ಎದ್ದು ಜಾಯಿಂಟು ಮುಟ್ಟಿದ್ದು ಯಾರು ಎಂದು ಕೇಳಿದಳು. ಅಕ್ಕ, ಪ್ರತಿ ವರ್ಷ ಬೀಜ ಹಾಕಿದ ದಿನ ಅವಳೇ ಆ ಜಾಯಿಂಟನ್ನು ಬೇಕೆಂದೇ ಸಡಿಲ ಮಾಡುತ್ತಾಳಂತೆ. ಆ ಸೋರುವ ನೀರಿನಿಂದಲೇ ಮಣ್ಣು ಬೆಚ್ಚಗಿದ್ದು ಸಸಿ ಬದುಕುವುದು.

ಇವರು ನೆಲ ನೋಡುತ್ತಾ ನಿಂತರು. ನಿನಗೆ ಈ ನಿಲುವು ಚೆನ್ನಾಗಿ ಗೊತ್ತು. ಇಂಥ ಹೊತ್ತಿನಲ್ಲೆಲ್ಲ ನಾನು ಮುಂದೆ ಬಂದು, ಏನೋ ಒಂದು ನೆವ ಹೇಳಿ, ನಕ್ಕು, ಮಾತು ಮರೆಸಿ ಇವರನ್ನು ಪಾರು ಮಾಡುತ್ತಾ ಬಂದವಳು. ನೆಂಟರ ಮುಂದೆ, ಮಗಳ ಮುಂದೆ, ನಿನ್ನ ಮುಂದೆ ಕೂಡ. ಈ ಸಲವೂ ನಾಲಿಗೆ ತುದಿಗೆ ಬಂದೇಬಿಟ್ಟಿತ್ತು, ಚಳಿ ಜಾಸ್ತಿ ಇತ್ತಲ್ಲಮ್ಮ ಅಂತ. ಅವಳ ಕೈ ನೋಡಿದೆ, ಒಂದು ಸತ್ತ ಸಸಿಯನ್ನು ನೆಟ್ಟಗೆ ನಿಲ್ಲಿಸಲು ನೋಡುತ್ತಿತ್ತು. ನನ್ನ ಕೈಲಾಗಲಿಲ್ಲ ಅಕ್ಕ. ಇವರನ್ನೇ ಕೇಳಿ ಎಂದುಬಿಟ್ಟೆ.

ಇವರು ನನ್ನ ಮುಖ ನೋಡಿದರು. ಆಮೇಲೆ ಅವಳ ಕಡೆ ತಿರುಗಿ, ನಾನೇ ಬಿಗಿದಿದ್ದು, ಸೋರ್ತಿದೆ ಅಂದ್ಕೊಂಡೆ, ನಿಮ್ಮನ್ನ ಕೇಳಬೇಕಿತ್ತು, ತಪ್ಪಾಯ್ತು ಎಂದರು. ತಪ್ಪಾಯ್ತು! ಆ ಮಾತು ಇವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಅವಳು ಅತ್ತಳು, ಬೈದಳು, ಕೊನೆಗೆ ಒಳಗೆ ಹೋಗಿ ನಮಗೂ ಸೇರಿಸಿಯೇ ಅಡಿಗೆಗೆ ಇಟ್ಟಳು. ನನಗೆ ಸಮಾಧಾನವಾಗಿರಬೇಕು ಎಂದುಕೊಂಡೆಯಾ? ಮೈಯೆಲ್ಲ ಉರಿದುಹೋಯಿತು. ನಿನ್ನೆ ಮೊನ್ನೆ ಕಂಡ ಹೆಂಗಸಿಗೆ ಹೇಳಲು ಬರುವ ಮಾತು, ಜೊತೆಯಲ್ಲಿ ಬಾಳಿದವಳಿಗೆ ಹೇಳಲು ಯಾಕೆ ಬರಲಿಲ್ಲ?

ನನ್ನ ಅಂಗಡಿಯ ವಿಷಯವನ್ನೇ ಹೇಳುತ್ತಿದ್ದೇನೆ. ನಿನ್ನ ಆಪರೇಷನ್ನಿಗೆ ನಾನು ನಿನ್ನಲ್ಲಿಗೆ ಬಂದಿದ್ದಾಗ ಇವರು ನನ್ನ ಹೊಲಿಗೆ ಅಂಗಡಿ ಖಾಲಿ ಮಾಡಿ, ಯಂತ್ರಗಳನ್ನು ಯಾರಿಗೋ ಕೊಟ್ಟು, ನಾನು ಮನೆಗೆ ಬಂದಾಗ ದೊಡ್ಡ ಉಡುಗೊರೆ ಕೊಡುವವರ ಹಾಗೆ, ಇನ್ಮೇಲೆ ನೀನು ಬೆನ್ನು ಬಗ್ಗಿಸಬೇಕಾಗಿಲ್ಲ ಎಂದರಲ್ಲ. ನಾನು ನಕ್ಕೆ. ಒಳ್ಳೆದಾಯ್ತು ಎಂದೂ ಹೇಳಿದೆ. ಬಚ್ಚಲಿಗೆ ಹೋಗಿ ಅತ್ತೆ. ದಿನಾ ಬೆಳಗಾದರೆ ಯಾರಾದರೂ ಬಾಗಿಲಲ್ಲಿ ನಿಂತು, ಅಕ್ಕಾ, ಇವತ್ತೇ ಬೇಕು, ನಾಳೆ ಮದುವೆ ಅಂತ ಗೋಗರೆಯುತ್ತಿದ್ದದ್ದು, ನಾನು ಬೈಯುತ್ತಲೇ ಹೊಲಿದು ಕೊಡುತ್ತಿದ್ದದ್ದು, ಅದೇ ನನ್ನ ಜೀವ ಆಗಿತ್ತು. ಅವತ್ತಿನಿಂದ ಆ ಮನೆಯಲ್ಲಿ ನನಗೆ ಕೂತಲ್ಲಿ ನಿಂತಲ್ಲಿ ಉಸಿರು ಕಟ್ಟುತ್ತದೆ ಎಂದು ನಿನಗೊಬ್ಬಳಿಗೇ ಗೊತ್ತು.

ಸಂಜೆ ಅದೇ ಸಿಟ್ಟಿನಲ್ಲಿ ಇವರ ಜೊತೆ ಬುಗ್ಗೆಗೆ ಹೋದೆ. ಅಲ್ಲಿ ಗಂಡಸರಿಗೊಂದು ಕೊಳ, ಹೆಂಗಸರಿಗೊಂದು ಕೊಳ, ನಡುವೆ ಹಲಗೆಯ ಗೋಡೆ. ಈಚೆ ಕಡೆ ನಾನು, ಗಲ್ಲದವರೆಗೆ ಮುಳುಗಿ ಕೂತ ಒಬ್ಬಳು ಅಜ್ಜಿ, ಇನ್ನೊಂದಿಬ್ಬರು ಹೆಂಗಸರು. ಆಚೆಯಿಂದ ಇವರ ದನಿ ಬಂತು, ಏಯ್, ಇದೀಯಾ ಅಂತ. ಇದೀನಿ ಎಂದೆ. ಆಮೇಲೆ, ನಿನ್ನ ಅಂಗಡಿದೂ ಹಿಂಗೇ ಆಯ್ತು ಅಲ್ವಾ ಎಂದರು.

ನಾನು ಆ ಹಲಗೆಯನ್ನೇ ನೋಡುತ್ತಾ ಕೂತೆ. ಅಜ್ಜಿ ನನ್ನ ತೋಳು ತಟ್ಟಿ, ನಿಮ್ಮನ್ನೇ ಕೇಳ್ತಿರೋದು ತಾಯಿ, ಬೇಗ ಹೇಳಿ, ನೀರು ಆರಿಹೋಗುತ್ತೆ ಎಂದಳು. ಬುಗ್ಗೆ ನೀರು ಆರುವುದು ಯಾವ ಕಾಲಕ್ಕೆ! ಹೂಂ, ಹಾಗೇ ಆಯ್ತು ಎಂದು ಕೂಗಿ ಹೇಳಿದೆ. ದಿನಾ ಬೆನ್ನು ನೋವು, ಬೆನ್ನು ನೋವು ಅಂತಿದ್ದೆ, ನಾನು ಇನ್ನೇನು ಮಾಡಬೇಕಿತ್ತು ಎಂದರು. ಬೆನ್ನು ತಿಕ್ಕಬೇಕಿತ್ತು ಎಂದೆ. ನನ್ನ ಕೊಳದಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು, ಆಚೆ ಕಡೆಯೂ ಯಾರೋ ಗಂಡಸು ನಕ್ಕ. ಇವರು ನಗಲಿಲ್ಲ. ಅವತ್ತೇ ಯಾಕೆ ಬೈಲಿಲ್ಲ ನೀನು, ಬೈದಿದ್ರೆ ಮಾರನೇ ದಿನವೇ ಹೋಗಿ ಬೀಗದಕೈ ವಾಪಸ್ ಇಸ್ಕೊಂಡು ಬರ್ತಿದ್ದೆ, ಒಳ್ಳೆದಾಯ್ತು ಅಂದೆಯಲ್ಲೇ ನೀನು ಎಂದರು. ಆಮೇಲೆ ತಪ್ಪಾಯ್ತು ಕಣೇ ಎಂದರು, ಅಷ್ಟು ಜನರ ಎದುರಿಗೆ, ಗೋಡೆಯ ಆಚೆಯಿಂದ. ನಾನು ಅತ್ತೆ. ಯಾವಾಗಲೂ ಹೋಗ್ಲಿ ಬಿಡಿ ಎನ್ನುವವಳು ಅವತ್ತು ಆ ಮಾತು ಹೇಳಲಿಲ್ಲ.

ಒಂದು ಮಾತಿಗೆ ಇವಳು ಕರಗಿಹೋದಳು ಎಂದುಕೊಳ್ಳಬೇಡ ಅಕ್ಕ. ಕರಗಿಲ್ಲ. ಅಂಗಡಿ ಹೋಗಿದ್ದು ಹೋಯಿತು, ಆಮೇಲಿನ ವರ್ಷಗಳೂ ಹೋದವು. ನಿನ್ನ ಕೋಣೆ ನೆನೆದರೆ ಈಗಲೂ ಮನಸ್ಸು ಹಗುರಾಗುತ್ತದೆ. ಆದರೆ ಅವತ್ತೇ ಯಾಕೆ ಬೈಲಿಲ್ಲ ಎಂಬ ಮಾತು ನನ್ನನ್ನು ಬಿಡುತ್ತಿಲ್ಲ. ಇವರು ನನ್ನನ್ನು ಕೇಳದೆ ಅಂಗಡಿ ಖಾಲಿ ಮಾಡಿದರು, ನಾನು ಇವರಿಗೆ ಹೇಳದೆ ಮನೆ ಖಾಲಿ ಮಾಡಲು ಹೊರಟಿದ್ದೇನೆ. ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಹೇಳಿದರೆ ಇವರು ಪಾಪ ಯಾವ ಜಾಯಿಂಟು ಬಿಗಿಯಬೇಕು, ಯಾವುದನ್ನು ಸಡಿಲ ಬಿಡಬೇಕು? ಯೋಚನೆ ಮಾಡಲೂ ಒಂದು ಗಳಿಗೆ ಸಿಗುವುದಿಲ್ಲ. ಹಾಗೆ ಮಾಡಲು ನನಗೆ ಇಷ್ಟವಿಲ್ಲ.

ಇವತ್ತು ಇಲ್ಲಿಂದ ಹೊರಟು ಮುಂದಿನ ಬುಗ್ಗೆಯ ಊರಿಗೆ ಹೋಗಬೇಕಿತ್ತು, ಅದೇ ಕೊನೆಯದು. ಹೋಗಲಿಲ್ಲ. ತೋಟದೊಡತಿಯ ಹತ್ತಿರ ಇನ್ನೂ ಒಂದಷ್ಟು ಬೀಜ ಇದೆ. ನಿನ್ನೆ ಮೂವರೂ ಕೂತು ಮತ್ತೆ ಬಿತ್ತಿದೆವು. ಇವರು ಅದೇ ಜಾಯಿಂಟನ್ನು ಅವಳು ಹೇಳಿದಷ್ಟೇ ಸಡಿಲ ಮಾಡಿದರು. ಸೋರುವ ಹಾಗೆ ಮಾಡುವುದು ಇವರಿಗೆ ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ, ಹಲ್ಲು ಕಚ್ಚಿಕೊಂಡು ತಿರುಗಿಸುತ್ತಿದ್ದರು. ಇಷ್ಟು ಸಾಕಾ, ಇನ್ನೂ ಸ್ವಲ್ಪ ಬೇಕಾ ಎಂದು ಅವಳನ್ನು ಕೇಳಿ ಕೇಳಿ ತಲೆ ತಿಂದರು. ಸಾಕು ಮಾರಾಯ್ರೇ ಎಂದು ಅವಳೇ ಕೈ ಮುಗಿದಳು. ಮಡಿಗೆ ಹೊದಿಸಲೆಂದು ನಾನು ಗೋಣಿಚೀಲಗಳನ್ನು ಒಂದಕ್ಕೊಂದು ಕೂಡಿಸಿ ಹೊಲಿಯುತ್ತಿದ್ದೇನೆ. ಅವಳ ಹತ್ತಿರ ಹಳೇ ಕಾಲದ ಒಂದು ಹೊಲಿಗೆ ಯಂತ್ರವಿದೆ, ಎಣ್ಣೆ ಬಿಟ್ಟ ಮೇಲೆ ಚೆನ್ನಾಗಿ ಓಡುತ್ತಿದೆ. ಇವರು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು, ಬೆನ್ನು ನೋಯ್ತಿದೆಯಾ ಎಂದು ಮಾತ್ರ ಕೇಳಲಿಲ್ಲ.

ಸಸಿ ಕಣ್ಣು ಬಿಡುವವರೆಗೆ ಇಲ್ಲೇ ಇರುತ್ತೇವೆ. ಕೋಣೆಯನ್ನು ಸದ್ಯಕ್ಕೆ ಹಾಗೇ ಇಟ್ಟಿರು. ಬರುತ್ತೇನೋ ಇಲ್ಲವೋ, ಒಬ್ಬಳೇ ಬರುತ್ತೇನೋ, ನನಗೇ ಇನ್ನೂ ಗೊತ್ತಿಲ್ಲ. ಬೈಯಬೇಕೆನಿಸಿದರೆ ಬೈದು ಬರೆ. ಭಾವನಿಗೆ ಓದಿ ಹೇಳಬೇಡ, ಅವರ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿಸಬೇಡ.

ನಿನ್ನ ಕೈಯಲ್ಲಿ ಬೆಳೆದವಳು,
ಸೂಜಿ

ಮರೆತ ಮಾತು: ಇಲ್ಲಿಂದ ಅಂಚೆ ಕಚೇರಿ ದೂರ, ಇವರೇ ನಡೆದು ಹೋಗಿ ಹಾಕಿ ಬರುತ್ತೇನೆ ಎಂದಿದ್ದಾರೆ. ನಾನು ಲಕೋಟೆ ಅಂಟಿಸಿಲ್ಲ. ದಾರಿಯಲ್ಲಿ ಎಲ್ಲಾದರೂ ಕೂತು ಪೂರ್ತಿ ಓದಿ, ಆಮೇಲೆ ನೀವೇ ಅಂಟಿಸಿ ಎಂದು ಹೇಳಿ ಕೊಡುತ್ತೇನೆ. ಈ ಕಾಗದ ನಿನ್ನ ಕೈ ಸೇರಿದರೆ, ಇವರು ಎಲ್ಲವನ್ನೂ ಓದಿಯೇ ಅಂಚೆಗೆ ಹಾಕಿದ್ದಾರೆ ಎಂದು ತಿಳಿದುಕೋ.