ಅಜ್ಜನ ಹೆಗಲ ಮೇಲೆ ನನ್ನ ಮುಖ

ಸಂಧಾನ ಸ್ಮಾರಕದ ಕಡತಕ್ಕೆ ಸಹಿ ಹಾಕಿದ ಮಾನ್ಯ ಅಧಿಕಾರಿಗಳೇ,

ಕಲ್ಯಾಣಪುರದ ವೃತ್ತದಲ್ಲಿ ತಾವು ನಿಲ್ಲಿಸಿರುವ ಇಬ್ಬರು ನಾಯಕರ ಪ್ರತಿಮೆಯಲ್ಲಿ ಟೋಪಿ ನನ್ನ ಅಜ್ಜನದು, ಮುಖ ನನ್ನದು. ದಯವಿಟ್ಟು ತೆಗೆಸಿ.

ಅರುವತ್ತು ವರ್ಷಗಳ ಹಿಂದೆ ಮೀನುಗಾರರಿಗೂ ಮೀನು ವ್ಯಾಪಾರಿಗಳಿಗೂ ಜಗಳವಾಗಿ ಹಿಡಿದ ಮೀನು ದಡದಲ್ಲೇ ಕೊಳೆಯುತ್ತಿತ್ತು. ಆಗ ಮೀನುಗಾರರ ಮುಖಂಡ ದೂಮಪ್ಪನವರೂ ವ್ಯಾಪಾರಿಗಳ ಮುಖಂಡ, ನನ್ನ ತಾಯಿಯ ತಂದೆ ಮೊಯಿದಿನಬ್ಬನವರೂ ಒಂದೇ ದೋಣಿಯಲ್ಲಿ ಸ್ವರ್ಣಾ ನದಿಯ ನಡುವಿಗೆ ಹೋಗಿ ಕೂತು ಮಾತಾಡಿದರು. ಯಾರ ದಡದಲ್ಲಿ ಕೂರುವುದೆಂಬ ತಕರಾರೇ ಬೇಡವೆಂದು ಹಾಗೆ ಮಾಡಿದ್ದಂತೆ. ಸಂಜೆಗೆ ರಾಜಿಯಾಯಿತು. ನೆನಪಿಡಬೇಕಾದ ಸಂಗತಿಯೇ. ಆದರೆ ಮನುಷ್ಯರ ರೂಪ ಮೂಡಿಸುವುದು ಪಾಪವೆಂದು ದೇವರಿಗೆ ಅಂಜಿ ಅಜ್ಜ ಬದುಕಿಡೀ ಒಂದೂ ಫೋಟೋ ತೆಗೆಸಿಕೊಂಡವರಲ್ಲ. ಅವರನ್ನು ಕಲ್ಲಿನಲ್ಲಿ ಕಡೆಸಬೇಡಿ, ಬರೀ ದೋಣಿ ಸಾಕು ಎಂದು ನಾನು ಆಕ್ಷೇಪಣೆ ಸಲ್ಲಿಸಿದೆ. ನಿಯಮದಂತೆ ಅರ್ಜಿಗೆ ನನ್ನ ಪಾಸ್‌ಪೋರ್ಟ್ ಅಳತೆಯ ಫೋಟೋ ಅಂಟಿಸಿದ್ದೆ. ತಮ್ಮ ಕಚೇರಿ ಅರ್ಜಿ ಓದುವ ಶ್ರಮ ತೆಗೆದುಕೊಳ್ಳಲಿಲ್ಲ. ಫೋಟೋ ಮಾತ್ರ ಕಿತ್ತು, ಹಿಂದೆ ‘ಮೊಯಿದಿನಬ್ಬ’ ಎಂದು ಬರೆದು ಕಾರ್ಕಳದ ಶಿಲ್ಪಿಗೆ ಕಳಿಸಿತು. ಶಿಲ್ಪಿಯ ತಪ್ಪೇನು? ಪಾಪ, ನನ್ನ ಹುಬ್ಬಿನ ಗಾಯದ ಗುರುತನ್ನೂ ಬಿಡದೆ ಕಡೆದಿದ್ದಾರೆ. ಬೇಡವೆಂದು ಕೊಟ್ಟ ಅರ್ಜಿಯನ್ನೇ ಮಾದರಿ ಮಾಡಿಕೊಂಡು ಪ್ರತಿಮೆ ನಿಲ್ಲಿಸುವ ದಕ್ಷತೆ ಬೇರೆ ಯಾವ ಕಚೇರಿಗೆ ಉಂಟು?

ಮೂರು ಸಲ ಬಂದೆ. ತಮ್ಮ ಗುಮಾಸ್ತೆ ರತ್ನಾವತಿಯವರು, “ಎಂತ ಮಾಡುವುದು ಸಾಹೇಬ್ರೇ, ಉದ್ಘಾಟನೆ ಆಯ್ತಲ್ವಾ? ಮುಖ ಬದಲಿಸಬೇಕಾದರೆ ಅಜ್ಜನ ಸರಿಯಾದ ಫೋಟೋ ತನ್ನಿ” ಎಂದರು. ಇಲ್ಲದ ಫೋಟೋ ಎಲ್ಲಿಂದ ತರಲಿ? ಅಂಬಲಪಾಡಿಯ ಗೆಳೆಯ ಶೇಖರನಿಗೆ ಇದು ದೊಡ್ಡ ತಮಾಷೆ. “ಬದುಕಿರುವಾಗಲೇ ಕೊರಳಿಗೆ ಹಾರ ಬಿತ್ತಲ್ಲ ಮಾರಾಯ!” ಎನ್ನುತ್ತಾನೆ. ನಾನೂ ನಕ್ಕುಬಿಡುತ್ತಿದ್ದೆ.

ಆದರೆ ನಾನು ಹುಟ್ಟುವ ಮೊದಲೇ ತೀರಿಕೊಂಡ ಅಜ್ಜನ ಮುಖ ಉಳಿದದ್ದು ಒಂದೇ ಕಡೆ, ಎಂಬತ್ತು ದಾಟಿದ ನನ್ನ ತಾಯಿ ಸಾರಮ್ಮನ ನೆನಪಿನಲ್ಲಿ. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಮಣಿಪಾಲಕ್ಕೆ ಹೋಗುವಾಗ ಅವರು ಆ ವೃತ್ತ ದಾಟಲೇಬೇಕು. ಮೊದಮೊದಲು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಈಗ ನೋಡುತ್ತಾರೆ. ಕಳೆದ ವಾರ ಕಾರಿನಲ್ಲಿ ನನ್ನ ಕೈ ಹಿಡಿದು, “ಬಾಪನನ್ನು ನೆನಪು ಮಾಡುವಾ ಅಂತ ಕೂತರೆ ನಿನ್ನ ಮುಖವೇ ಬರ್ತದೆ ಮಗಾ. ಬಾಪ ಹೇಗಿದ್ರು?” ಎಂದು ನನ್ನನ್ನೇ ಕೇಳಿದರು. ನನಗೆ ಅಳು ಬಂತು.

ಹೊಸ ಮುಖ ಬೇಡ, ವಿಚಾರಣಾ ಸಮಿತಿ ಬೇಡ. ತೆಗೆಸಲು ತಡವಾಗುವುದಾದರೆ ಸದ್ಯಕ್ಕೆ ಆ ಕಲ್ಲಿನ ಮುಖಕ್ಕೆ ಒಂದು ಬಟ್ಟೆ ಕಟ್ಟಿಸಿ. ಗುರುವಾರ ಬೆಳಿಗ್ಗೆ ತಾಯಿ ಮತ್ತೆ ಆ ದಾರಿಯಲ್ಲಿ ಬರುತ್ತಾರೆ.

ಇಂತಿ,
ತನ್ನ ತಾಯಿಯ ತಂದೆಯನ್ನು ಅಳಿಸುತ್ತಾ ತಮ್ಮ ವೃತ್ತದಲ್ಲಿ ನಿಂತಿರುವ
ಇಮ್ತಿಯಾಝ್, ಕಲ್ಯಾಣಪುರ