ತಾಯಿ ಪಾತ್ರದ ಮಾತುಗಳು

ಅಮದಳ್ಳಿ
೧೧ ಫೆಬ್ರವರಿ ೨೦೨೪

ಪ್ರಿಯ ಮಹಾಬಲೇಶ್ವರನಿಗೆ,

ದೇವಿದಾಸನ ನಮಸ್ಕಾರ. ನೀನಿರುವ ಬೊಬ್ರುವಾಡವೇನು ಕಾಶಿಯಲ್ಲ, ಬಸ್ಸು ಹತ್ತಿದರೆ ಬಂತು. ಅಲ್ಲಿಗೆ ಒಂದು ಪತ್ರ ಹಾಕಲು ನನಗೆ ಹನ್ನೊಂದು ವರ್ಷ ಹಿಡಿಯಿತು. ಬೈದುಕೋ, ಆದರೆ ಓದು. ಫೋನ್ ಮಾಡಲು ಹೊರಟಿದ್ದೆ. ನಮ್ಮ ಮನೆಯವಳು ಮಂದಾಕಿನಿ, “ಅವ್ರಿಗೆ ಫೋನಲ್ಲಿ ಕೇಳ್ತದ್ಯಾ? ಕಾಗದ ಬರೀರಿ,” ಎಂದಳು.

ಕಳೆದ ವಾರ ಕಾರವಾರದಲ್ಲಿ ನನ್ನ ನಾಟಕಗಳ ಬಗ್ಗೆ ಗೋಷ್ಠಿ ಇತ್ತು. ಸಂದೀಪ ಎಂಬ ಕಾಲೇಜು ಮಾಸ್ತರ ಪ್ರಬಂಧ ಓದಿದ. ನೌಕಾನೆಲೆಗೆ ನಮ್ಮ ಊರು ಹೋದ ಮೇಲಿನ ನಾಟಕಗಳಲ್ಲಿ ತಾಯಿಯ ಮಾತು ಕಡಿಮೆಯಾಗುತ್ತ ಬಂದು, ಕೊನೆಯದರಲ್ಲಿ ಅವಳು ಮೂಕಿಯೇ ಆಗುತ್ತಾಳಂತೆ. ಅದು ಕಳೆದುಕೊಂಡ ನೆಲದ ಮೌನವಂತೆ. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ನನಗೆ ಏನೂ ಅನ್ನಿಸಲಿಲ್ಲ. ಊಟಕ್ಕೆ ಹೋಳಿಗೆ ಇತ್ತು, ಎರಡು ತಿಂದೆ.

ಆ ತಾಯಿ ಎಂದರೆ ಸೀರೆ ಉಟ್ಟು ಪರದೆಯ ಹಿಂದೆ ಬೀಡಿ ಸೇದುತ್ತಿದ್ದ ನೀನು ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ನೀನು ಎಂದೂ ಮಾತು ಬಾಯಿಪಾಠ ಮಾಡಿದವನಲ್ಲ. ನಾನು ಮರೆಯಿಂದ ಪಿಸುಗುಡಬೇಕು, ನೀನು ಅದನ್ನು ಹಿಡಿದು ಕೇರಿಯವರ ಕಣ್ಣಲ್ಲೆಲ್ಲ ನೀರು ತರಿಸಬೇಕು. ಒಂದು ವರ್ಷ ನಾನು ಮೂರು ಸಲ ಹೇಳಿಕೊಟ್ಟರೂ ನೀನು ಸುಮ್ಮನೆ ನಿಂತೆ. ಮುಂದಿನ ಸಾಲಿನವರು ನಕ್ಕರು. ನಿನ್ನ ಕಿವಿ ಹೋಗಿದೆ ಎಂದು ನನಗೆ ಅಂದೇ ತಿಳಿಯಿತು. ಜನ ಮತ್ತೆ ನಗಬಾರದೆಂದು ಮುಂದಿನ ನಾಟಕದಲ್ಲಿ ನಿನ್ನ ಮಾತು ಇಳಿಸಿದೆ, ಅದರ ಮುಂದಿನದರಲ್ಲಿ ಪೂರ್ತಿ ತೆಗೆದೆ.

ನೀನು ತಾಲೀಮಿಗೆ ಬಂದು ಪುಸ್ತಕ ಎಸೆದೆ. “ಮೂವತ್ತು ವರ್ಷ ನಿನ್ನ ಮಾತು ಆಡ್ದೆ. ಈಗ ಸುಮ್ನೆ ಕೂತ್ಕಳೂಕೆ ನಾನೇ ಬೇಕಾ? ನಾ ಎಂತ ತಪ್ಪು ಮಾಡ್ದೆ ಮಾರಾಯ?” ಕಾರಣ ಹೇಳಬಹುದಿತ್ತು. “ಪಾತ್ರವೇ ಹಾಗಿದೆ,” ಎಂದುಬಿಟ್ಟೆ. ನೀನು ಹೋದೆ. ಆ ಮೂಕಿ ತಾಯಿಯನ್ನು ಬೇರೆ ಯಾರೋ ಮಾಡಿದರು. ಆಮೇಲೆ ನಾನು ನಾಟಕ ಬರೆಯಲೂ ಇಲ್ಲ, ಬರೆಯಬೇಕೆನಿಸಲೂ ಇಲ್ಲ.

ಗೋಷ್ಠಿಯಿಂದ ಬಂದ ಮೇಲೆ ಒಂದು ನಾಟಕ ಬರೆದೆ. ಇದರ ಜೊತೆ ಇಟ್ಟಿದ್ದೇನೆ. ತಾಯಿ ಮೊದಲಿಂದ ಕೊನೆಯವರೆಗೂ ಮಾತಾಡುತ್ತಾಳೆ. ಈ ಸಲ ನಾನು ಪರದೆಯ ಹಿಂದೆ ನಿಲ್ಲುವುದಿಲ್ಲ, ನಿನ್ನ ಎದುರಿಗೇ ಕೂತು ತುಟಿ ಆಡಿಸುತ್ತೇನೆ. ಬರುತ್ತೀಯಾ?

ನಾಗಮ್ಮನಿಗೂ ಮೊಮ್ಮಕ್ಕಳಿಗೂ ನನ್ನ ಆಶೀರ್ವಾದ. ದೇವರು ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ನಿನ್ನ,
ದೇವಿದಾಸ

ತಾ.ಕ.: ಇದನ್ನು ಓದಿದ ಮೇಲೆ ಬರುವುದೋ ಬಿಡುವುದೋ ನಿನಗೆ ಬಿಟ್ಟದ್ದು. ಊರು ಬಿಟ್ಟಾಗ ನೀನು ದುಡಿಯಲು ಗೋವೆಗೆ ಹೊರಟಿದ್ದೆ. ನಾನು ಚೀಟಿ ಬರೆದು ನಿನ್ನನ್ನು ಇಲ್ಲೇ ಹತ್ತಿರದ ಕಲ್ಲುಕ್ವಾರಿಗೆ ಸೇರಿಸಿದೆ. ಅಲ್ಲಿನ ಗುತ್ತಿಗೆದಾರ ನನ್ನ ಹಳೆಯ ವಿದ್ಯಾರ್ಥಿ. “ಮಾಸ್ತರ್ರೆ, ಬಂಡೆ ಸಿಡಿಸೂ ಕಡೆ ನಿಂತವ್ರಿಗೆ ಕಿವಿ ಉಳಿಯೂದಿಲ್ಲ, ನಿಮ್ಮವ್ರಿಗೆ ಮೊದ್ಲೇ ಹೇಳ್ಬಿಡಿ,” ಎಂದಿದ್ದ. ನಾನು ಹೇಳಲಿಲ್ಲ. ಹೇಳಿದರೆ ನೀನು ಗೋವೆಗೆ ಹೋಗುತ್ತಿದ್ದೆ, ಆ ವರ್ಷದ ನಾಟಕಕ್ಕೆ ನನಗೆ ತಾಯಿ ಇರುತ್ತಿರಲಿಲ್ಲ.