ಪಾಯಿಂಟ್ ನಡುವೆ ಸಿಕ್ಕಿದ ಚೂರು

೧೪ನೇ ತಾರೀಖು, ಭಾನುವಾರ ಬೆಳಿಗ್ಗೆ

ಪ್ರೀತಿಯ ಗುಂಡೂ,

ನಿನ್ನ ಭಾವನ ಆಶೀರ್ವಾದ. ನೀನೂ ನಿನ್ನ ಹೆಂಡತಿ ಮಕ್ಕಳೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಲಕೋಟೆಯ ಮೇಲೆ ನನ್ನ ಅಕ್ಷರ ಕಂಡು ಹರಿದುಹಾಕೋಣ ಅನ್ನಿಸಿದ್ದರೆ ಅದು ನಿನ್ನ ತಪ್ಪಲ್ಲ. ಆರು ವರ್ಷ ತಡಮಾಡಿದವನು ‘ಸಾರಿ ಫಾರ್ ದಿ ಡಿಲೇ’ ಎಂದರೆ ಯಾರಿಗಾದರೂ ನಗು ಬಂದೀತು. ಆದರೂ ಪೂರ್ತಿ ಓದು ಮಾರಾಯ. ನಿನ್ನ ಮೇಲೆ ಹೊರಿಸಿದ ಕಳ್ಳತನವನ್ನು ವಾಪಸು ತೆಗೆದುಕೊಳ್ಳಲು ಬರೆಯುತ್ತಿದ್ದೇನೆ.

ನಿಮ್ಮಪ್ಪನ ದೋಣಿ ಮೋಟಾರು ಶೆಡ್ಡಿನಲ್ಲೇ ಇತ್ತು. ಹೋದ ತಿಂಗಳು ಸೂರು ಸೋರಿತೆಂದು ಎಲ್ಲ ಹೊರಗೆ ಹಾಕಿಸಿದಾಗ ಕಣ್ಣಿಗೆ ಬಿತ್ತು. ಜೇಡ ಗೂಡು ಕಟ್ಟಿತ್ತು, ಹಸಿರು ಬಣ್ಣ ಪದರ ಪದರವಾಗಿ ಏಳುತ್ತಿತ್ತು. ನಿನ್ನಕ್ಕ ಹೋದ ಮೇಲೆ ನನಗೆ ಮಾಡಲು ಕೆಲಸವೇನಿದೆ? ಇದ್ದ ಒಂದು ಜಗಳಗಂಟಿಯೂ ಇಲ್ಲ. ಸರಿ, ರಿಪೇರಿಗೆ ಕೂತೆ. ಪ್ಲಗ್ ಹೊಸದು ಹಾಕಿದೆ, ಕಾರ್ಬೊರೇಟರ್ ತೊಳೆದೆ, ಹಗ್ಗ ಸುತ್ತಿ ಎಳೆದೆ, ಎಳೆದೆ, ರಟ್ಟೆ ಬಿದ್ದುಹೋಯಿತು. ಕಿಡಿಯೇ ಇಲ್ಲ. ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು ‘ಕರೆಂಟ್ ಆಲ್ವೇಸ್ ಟೇಕ್ಸ್ ದಿ ಈಸಿಯೆಸ್ಟ್ ರೋಡ್’ ಅಂತಲೋ ಏನೋ ಹೇಳುತ್ತಿದ್ದರು. ಇಲ್ಲಿ ಕರೆಂಟಿಗೆ ರೋಡೇ ಇರಲಿಲ್ಲ.

ಕೊನೆಗೆ ಬೀದಿ ಕೊನೆಯ ಲೇತ್‌ನವನನ್ನು ಕರೆದೆ. ಅವನು ಸುತ್ತ ಒಂದು ಪ್ರದಕ್ಷಿಣೆ ಬಂದು, “ಯಜಮಾನ್ರೇ, ಇದನ್ನ ರಿಪೇರಿ ಮಾಡೋದಾ, ಇದರ ಜಾತಕ ನೋಡೋದಾ?” ಎಂದ. ಬಾಯಿ ಜೋರಾದರೂ ಕೈ ಒಳ್ಳೆಯದು. ಫ್ಲೈವೀಲ್ ಎಬ್ಬಿಸಿದ. ಅದರ ಕೆಳಗೆ ಕೂಡುತ್ತಾ ಬಿಡುತ್ತಾ ಕಿಡಿ ಹುಟ್ಟಿಸುವ ಎರಡು ಪಾಯಿಂಟ್ ಇರುತ್ತವಲ್ಲ, ಅವುಗಳ ಮಧ್ಯೆ ಚಿಮಟ ತೂರಿಸಿ ಏನನ್ನೋ ಎಳೆದ.

“ನೋಡಿ, ಕಾಗದದ ಚೂರು! ಪಾಯಿಂಟ್ ಕೂಡೋಕೇ ಬಿಟ್ಟಿಲ್ಲ. ಯಾವ ಗೂಬೆ ಮಾಡಿದ ಕೆಲಸ ಇದು?”

ಉಗುರಿನಷ್ಟು ಅಗಲ. ಎಣ್ಣೆ ಕುಡಿದು ಕಂದಾಗಿತ್ತು. ಅದರ ಮೇಲೆ ನೀಲಿ ಅಚ್ಚಿನಲ್ಲಿ ‘ಸೂಪರಿಂ’ ಎಂದಿತ್ತು.

ಗುಂಡೂ, ಅದು ‘ಸೂಪರಿಂಟೆಂಡೆಂಟ್’ ಎಂದು ಹೆಮ್ಮೆಯಿಂದ ಅಚ್ಚು ಹಾಕಿಸಿದ್ದ ನನ್ನ ವಿಸಿಟಿಂಗ್ ಕಾರ್ಡು. ಪಾಯಿಂಟಿಗೆ ಎಣ್ಣೆ ಅಂಟಿದರೆ ದಪ್ಪ ಕಾಗದ ತೂರಿಸಿ ಎಳೆದು ಒರೆಸಬೇಕೆಂದು ಕಾಲೇಜಿನ ಲ್ಯಾಬಿನಲ್ಲಿ ಕಲಿತಿದ್ದೆ. ನಿನ್ನ ದೋಣಿ ನಡುನೀರಿನಲ್ಲಿ ನಿಂತಿತಲ್ಲ, ಆ ದಿನದ ಹಿಂದಿನ ಸಂಜೆ ‘ಸೈಂಟಿಫಿಕ್ ಮೆಥಡ್’ ಎಂದು ನಿನ್ನಕ್ಕನ ಮುಂದೆ ಜಂಭ ಕೊಚ್ಚುತ್ತಾ ಹಾಗೇ ಒರೆಸಿದೆ. ತುದಿ ಹರಿದು ಒಳಗೇ ಉಳಿದದ್ದು ನೋಡಲಿಲ್ಲ. ದಡದಲ್ಲಿ ಮೋಟಾರು ಚೆನ್ನಾಗಿಯೇ ಓಡಿತು. ನಡುನೀರಿನಲ್ಲಿ ಅದುರಿ ಅದುರಿ ಚೂರು ಜಾರಿ ಪಾಯಿಂಟಿನ ಮಧ್ಯೆ ಕೂತಿತು. ನೀನು ಹನ್ನೊಂದು ಜನ ಪ್ರಯಾಣಿಕರನ್ನು ಕೂರಿಸಿಕೊಂಡು ಮೂರು ಗಂಟೆ ತೇಲಿದೆ.

ದಡಕ್ಕೆ ಬಂದಾಗ ನೀನು ಹೇಳಿದ್ದು ಇಷ್ಟೇ: “ಭಾವ, ಕಿಡಿನೇ ಬರ್ತಿಲ್ಲ. ಒಂದ್ಸಲ ಬಿಚ್ಚಿ ನೋಡೋಣ.”

ನಾನು ಹೇಳಿದ್ದು: “ಬಿಚ್ಚೋದೇನು? ನಿನ್ನೆ ನಾನೇ ಕೈಯಾರೆ ಕ್ಲೀನ್ ಮಾಡಿದ್ದೀನಿ. ಪೆಟ್ರೋಲ್ ಮಾರ್ಕೊಂಡು ಸೀಮೆಎಣ್ಣೆ ಹುಯ್ದಿದ್ದೀಯ, ಕಳ್ಳ!”

ಅಷ್ಟೂ ಜನರ ಎದುರಿಗೆ. ಆಮೇಲೆ ಯಾರು ನಿನ್ನ ದೋಣಿ ಹತ್ತಿಯಾರು? ನೀನು ಪೆಟ್ರೋಲ್ ಕ್ಯಾನನ್ನು ನನ್ನ ಕಾಲ ಬಳಿ ಇಟ್ಟು ಊರನ್ನೇ ಬಿಟ್ಟೆ. ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪರರ ತಟ್ಟೆಯ ನೊಣ ತೋರಿಸಿದರಂತೆ. ನಿನ್ನ ತಟ್ಟೆಯಲ್ಲಿ ನೊಣವೂ ಇರಲಿಲ್ಲ.

ಇನ್ನೂ ನಾಚಿಕೆಗೇಡಿನ ಸಂಗತಿ ಕೇಳು. ಲೇತ್‌ನವನಿಗೆ ‘ಆ ಗೂಬೆ ನಾನೇ’ ಎನ್ನಲು ನಾಲಿಗೆ ಹೊರಳಲಿಲ್ಲ. “ಹಿಂದೆ ಯಾವನೋ ಮೆಕ್ಯಾನಿಕ್ ಇರಬೇಕು” ಎಂದುಬಿಟ್ಟೆ. ಮಾರನೆಯ ದಿನ ಅವನ ಅಂಗಡಿಗೇ ಹೋಗಿ ನಿಜ ಹೇಳಿದೆ. “ಗೊತ್ತಿತ್ತು ಬಿಡಿ,” ಎಂದ. “ಆ ಚೂರು ನೋಡಿ ನಿಮ್ಮ ಮುಖ ಹಾಗಾಯ್ತಲ್ಲ.” ಹಾಗೇ ದೋಣಿಕಟ್ಟೆಗೂ ಹೋದೆ. ಅಂದು ಅಲ್ಲಿದ್ದವರಲ್ಲಿ ನಾಲ್ವರು ಸಿಕ್ಕಿದರು, ನಾಲ್ವರಿಗೂ ಹೇಳಿದೆ. ಉಳಿದವರನ್ನೂ ಹುಡುಕಿ ಹೇಳುತ್ತೇನೆ.

ಪೀಪಾಯಿ ತುಂಬ ನೀರು ತುಂಬಿಸಿ ಮೋಟಾರನ್ನು ಅದಕ್ಕೆ ಕಟ್ಟಿ ಹಗ್ಗ ಎಳೆದೆವು. ನಾಲ್ಕನೆಯ ಸಲಕ್ಕೆ ಗುಡುಗಿತು. ಅಂಗಳದ ತುಂಬ ಹೊಗೆ, ಪಕ್ಕದ ಮನೆಯಾಕೆ ಒಣಗಿದ ಬಟ್ಟೆ ಬಾಚಿಕೊಂಡು ಬೈಯುತ್ತಾ ಒಳಗೆ ಓಡಿದಳು. ನನಗೆ ಮಾತ್ರ ಹಿಗ್ಗು ಬರಲಿಲ್ಲ. ಹತ್ತು ನಿಮಿಷದ ಕೆಲಸ ಕಣೋ. ಅಂದೇ ಬಿಚ್ಚಿದ್ದರೆ ಹತ್ತೇ ನಿಮಿಷ.

ಈ ಮೋಟಾರು ನಿನ್ನದು. ಬಂದು ತೆಗೆದುಕೊಂಡು ಹೋಗು. ನನ್ನ ಜೊತೆ ಮಾತಾಡಲೇಬೇಕೆಂದೇನಿಲ್ಲ. ನಿನಗೂ ನಿನ್ನ ಮನೆಯವರಿಗೂ ಒಳ್ಳೆಯದಾಗಲಿ, ಮಕ್ಕಳು ನಿನ್ನ ಹಾಗೆ ತಾಳ್ಮೆಯವರಾಗಲಿ, ಅವರ ಮಾವನ ಹಾಗಾಗದಿರಲಿ.

ಇಂತಿ,
ನಿನ್ನ ಭಾವ

ಮರೆತದ್ದು: ಮರೆತದ್ದೇನೂ ಅಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನಕ್ಕ ಆಸ್ಪತ್ರೆಯಲ್ಲಿದ್ದ ಕೊನೆಯ ವಾರ, “ಗುಂಡೂಗೆ ಕಾಗದ ಹಾಕಿದ್ರಾ?” ಎಂದಳು. ಹಾಕಿದೆ ಎಂದೆ. ಮರುದಿನದಿಂದ “ಉತ್ತರ ಬಂತಾ?” ಎಂದು ಶುರುಮಾಡಿದಳು. ಇಲ್ಲ ಎನ್ನುತ್ತಿದ್ದೆ. ಆರನೆಯ ದಿನ, “ಹೋಗ್ಲಿ ಬಿಡಿ, ನನ್ ಮೇಲೂ ಸಿಟ್ಟಿರಬೇಕು ಅವನಿಗೆ” ಎಂದು ಗೋಡೆ ಕಡೆ ತಿರುಗಿ ಮಲಗಿದಳು, ಆಮೇಲೆ ಕೇಳಲಿಲ್ಲ. ಗುಂಡೂ, ನಾನು ಕಾಗದವನ್ನೇ ಹಾಕಿರಲಿಲ್ಲ.